ದಿನಕ್ಕೊಂದು ಮನೆ

ಇದು ನಡೆದಾಗ ನನಗೆ ಎಪ್ಪತ್ತೊಂದು. ನಡೆದು ಇನ್ನೂ ಎರಡು ವರ್ಷ ತುಂಬಿಲ್ಲ. ಸವಣೂರಿನ ನಮ್ಮ ಓಣಿಯ ಬಳೆಗಾರ್ತಿಯ ಬಲಗೈ ಹೆಬ್ಬೆರಳು ಗಿಣ್ಣಿನಲ್ಲಿ ಹಿಂದಕ್ಕೆ ಬಾಗಿ ಕೊಕ್ಕೆಯಂತೆ ಇತ್ತು. ಹರೆಯದಿಂದ ಹೆಂಗಸರ ಕೈ ಒತ್ತಿ ಒತ್ತಿ ಹಾಗಾದದ್ದು. ಎಂಥ ಒರಟು ಕೈಯನ್ನೂ ಆ ಬೆರಳಿನಲ್ಲಿ ಒತ್ತಿ, ಎಲುಬೇ ಇಲ್ಲವೇನೋ ಎಂಬ ಹಾಗೆ ಮಡಿಸಿ ಬಳೆ ಏರಿಸುತ್ತಿದ್ದಳು. ನಡುವೆ ಒಂದು ನಗೆಮಾತು ಬಿಡುತ್ತಿದ್ದಳು. ನಕ್ಕರೆ ಕೈ ಸಡಿಲಾಗುತ್ತದೆ. ಕೊನೆಗಾಲಕ್ಕೆ ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದಿತು. ಬೆರಳು ಮಾತ್ರ ಹಾಗೆಯೇ ಉಳಿದಿತ್ತು.

ಬಳೆಯ ಗಂಟು, ಮಲಾರ, ಹೆಗಲಿಗೆ ಹಾಕಿಕೊಂಡು ತಡಸ, ಹಾನಗಲ್ಲ, ರಟ್ಟೀಹಳ್ಳಿ ಅಂತ ತಿರುಗಿದವಳು. ಒಂದು ಮನೆಯಲ್ಲಿ ಬಳೆ ಇಟ್ಟಾದ ಮೇಲೆ ಮಲಾರ ಕಟ್ಟಿಬಿಡುತ್ತಿದ್ದಳು. ಪಕ್ಕದ ಮನೆ ನಾಲ್ಕು ಹೆಜ್ಜೆ ಇದ್ದರೂ ಅಷ್ಟೇ. ಅಲ್ಲಿಗೆ ಹೋಗಿ ಮತ್ತೆ ಬಿಚ್ಚುವುದು. "ಬಿಚ್ಚಿದ್ದ ಹಂಗ ಹೊತಗೊಂಡ ಹೋದರ ಆ ಮನಿ ಮಾತು ಈ ಮನಿಗೆ ಬರತಾವ" ಎನ್ನುತ್ತಿದ್ದಳು. ಅವಳ ಬಾಯಿಂದ ಯಾರ ಮನೆಯ ಸುದ್ದಿಯೂ ನನಗೆ ಸಿಕ್ಕಿಲ್ಲ. ಕೆದಕಿ ನೋಡಿದ್ದೇನೆ.

ನನ್ನ ಗಂಡ ಸತ್ತ ದಿನ ಓಣಿಯ ಹಿರಿಯ ಹೆಂಗಸರು ನನ್ನ ಬಳೆ ಒಡೆಯಲು ಕಲ್ಲು ಹಿಡಿದು ಬಂದರು. ಆಗ ಬಳೆಗಾರ್ತಿ ನುಗ್ಗಿ ಬಂದು ನನ್ನ ಎದುರಿಗೆ ಕುಳಿತಳು.

"ನಾ ಇಟ್ಟ ಬಳಿ ನಾನ ತಗೀತೇನಿ. ಕಲ್ಲ ಆಕಡೆ ಒಗೀರಿ" ಎಂದಳು.

"ಇದು ನಮ್ಮ ಪದ್ಧತಿ ಐತಿ, ನೀ ನಡುವ ಬರಬ್ಯಾಡ" ಎಂದು ಒಬ್ಬಳು ಗದರಿಸಿದಳು.

"ಪದ್ಧತಿ ಕೈ ಖಾಲಿ ಮಾಡ ಅಂತೈತಿ, ಕೈ ಕೊಯ್ಯ ಅನ್ನಂಗಿಲ್ಲ."

ಕೈಗೆ ಸಬಕಾರದ ನೊರೆ ಹಚ್ಚಿ ಒಂದೊಂದಾಗಿ ತೆಗೆದಳು. ಒಂದೂ ಒಡೆಯಲಿಲ್ಲ. ಆಗ ನಗೆಮಾತು ಆಡಲಿಲ್ಲ. ನಾನು ಅಳಲೂ ಇಲ್ಲ. ಅಳಬೇಕಾದಂಥ ಗಂಡನೂ ಅವನಾಗಿರಲಿಲ್ಲ. ಆದರೆ ಅವತ್ತು ಕೈಯಿಂದ ರಕ್ತ ಬರಲಿಲ್ಲ ಎಂಬುದನ್ನು ಮರೆತಿಲ್ಲ.

ಕಣ್ಣು ಹೋದ ಮೇಲೆ ಅವಳು ಹುರಿ ಹೆಣೆದ ಹೊರಸಿನ ಮೇಲೆ ಕುಳಿತು ಟೀವಿ ಸುದ್ದಿ ಕೇಳುತ್ತಿದ್ದಳು. ಗಾಝಾದಲ್ಲಿ ಯುದ್ಧ ನಡೆದಿತ್ತು. ದಿನವೂ ಸತ್ತವರ ಲೆಕ್ಕ ಹೇಳುತ್ತಿದ್ದರು. ಒಂದು ದಿನ ರೇಗಿದಳು: "ಎಣಿಕಿ ಹೇಳತಾರ, ಮನಿ ಹೆಂಗದಾವ ಯಾರೂ ಹೇಳವಲ್ಲರು." ಶಿಗ್ಗಾವಿ ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗಳು ಅಲ್ಲಿದ್ದಳು. ಅವಳ ಫೋನಿನಲ್ಲಿ ಒಂದು ಸಿನಿಮಾ ಇತ್ತಂತೆ. ಯುದ್ಧದ ನಡುವೆ ಸಿಕ್ಕಿಬಿದ್ದ ಅಲ್ಲಿನ ಮಂದಿಯೇ, ಪ್ಯಾಲೆಸ್ಟೀನಿನವರೇ, ತೆಗೆದದ್ದು. ಒಬ್ಬೊಬ್ಬರು ನಾಲ್ಕೈದು ನಿಮಿಷದ್ದು ತೆಗೆದು ಕಳಿಸಿ, ಎಲ್ಲ ಸೇರಿಸಿ ಒಂದು ಮಾಡಿದ್ದು.

"ಹಚ್ಚ, ನೋಡೂಣು" ಎಂದಳು ಕಣ್ಣಿಲ್ಲದ ಬಳೆಗಾರ್ತಿ.

ಮೊಮ್ಮಗಳು ಹಚ್ಚಿ ಹೇಳತೊಡಗಿದಳು. "ಭಾಳ ಕೆಟ್ಟ ಐತಿರಿ. ಪಾಪ, ನೋಡಾಕ ಆಗವಲ್ಲದರಿ."

"ಪಾಪ ಅನ್ನೂದು ನನಗ ಕಾಣಂಗಿಲ್ಲವಾ. ಏನ ಕಾಣತೈತಿ ಹೇಳ." ಹುಡುಗಿ ತಡವರಿಸಿದಳು. "ಹೋಗ, ನಿಮ್ಮ ಆಯಿನ್ನ ಕರಕೊಂಡ ಬಾ. ಆಕಿ ಬಾಯಾಗ ಸಕ್ರಿ ಇಲ್ಲ."

ಹೀಗೆ ನನ್ನನ್ನು ಕರೆಸಿದಳು. ಅವಳನ್ನು ನಾನು ಆಪಾ, ಅಕ್ಕ, ಎಂದೇ ಕರೆಯುತ್ತಿದ್ದೆ. ಚಿತ್ರದ ಕೆಳಗೆ ಬರುವ ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ. ಕನ್ನಡವೇ ಸಹಿ ಮಾಡುವಷ್ಟು. ಅವರ ಅರಬ್ಬಿ ಮಾತು ಇಬ್ಬರಿಗೂ ತಿಳಿಯದು. ಕಂಡದ್ದನ್ನು ಹೇಳಿದೆ. ಮುರಿದ ಮೆಟ್ಟಿಲ ಮೇಲೆ ಒಬ್ಬ ನೀರಿನ ಡಬ್ಬಿ ಹೊತ್ತು ಏರುತ್ತಿದ್ದ. ಅವನು ಮೇಲೆ ಮುಟ್ಟುವುದರೊಳಗೆ ಯಾವುದೋ ಹೆಂಗಸು ಬಂದಳು, ಡೇರೆ ಬಂತು. ನೀರಿನವನ ಪತ್ತೆಯೇ ಇಲ್ಲ. ಅದು ಒಂದೇ ಸಿನಿಮಾ ಎಂದು ತಿಳಿದು ಅವನಿಗಾಗಿ ಕಾಯುತ್ತ ಕುಳಿತೆ. ಬದಲಿಗೆ ಯಾವನೋ ಮುದುಕ ಬಂದ.

"ಇದೆಂಥಾ ಸಿನಿಮಾ ಆಪಾ! ನೀರ ತರಾಂವನ್ನ ಅರ್ಧಕ್ಕ ಬಿಟ್ಟಾರ. ಆಕಿ ಅವನ ಹೇಣತಿ ಅಂದರ, ಈ ಮುದುಕ ಯಾಂವ?"

ಬಳೆಗಾರ್ತಿ ಹೊರಸು ಅಲುಗುವ ಹಾಗೆ ನಕ್ಕಳು. "ಅದು ಬ್ಯಾರೆ ಮನಿ, ಇದು ಬ್ಯಾರೆ ಮನಿ, ಹುಚ್ಚಿ. ಮೂರ ಮನಿ ಮಂದೀನ ಕೂಡಿಸಿ ಸಂಸಾರ ಹೂಡಿಬಿಟ್ಟಿ. ನಿಲ್ಲಸ ಅದನ್ನ. ಮಲಾರ ಕಟ್ಟ."

ಅವತ್ತಿನಿಂದ ದಿನಕ್ಕೆ ಒಂದೇ ಮನೆ. ಬೆಳಗಿನ ಚಹಾ ಆದ ಮೇಲೆ, ಮೊಮ್ಮಗಳು ಕಾಲೇಜಿಗೆ ಹೊರಡುವ ಮೊದಲು, ಅವಳ ಫೋನ್ ಹಿಡಿದು ನಾನು ಹೋಗುವುದು, ಒಂದನ್ನು ಹಚ್ಚುವುದು, ಹೇಳುವುದು, ಆರಿಸುವುದು. ಆಮೇಲೆ ಇಡೀ ದಿನ ಆ ಮನೆಯದೇ ಮಾತು.

ಅವಳ ಸೊಸೆಗೆ ಇದು ಸೇರಲಿಲ್ಲ. "ಅತ್ತೀಗೆ ಬಿ.ಪಿ. ಐತಿ ಕಾಕಿ. ಸಾವು ನೋವು ತೋರಸಬ್ಯಾಡರಿ. ಏನರ ಆದರ ಯಾರ ಹೊಣಿ?"

ನಾನು ಏಳಹೋದೆ. ಬಳೆಗಾರ್ತಿ ನನ್ನ ಸೆರಗು ಹಿಡಿದು ಜಗ್ಗಿದಳು. "ಸತ್ತ ಮನಿಗೆ ಮಾತಾಡಸಾಕ ಹೋಗಬ್ಯಾಡ ಅಂತ ಯಾವ ಡಾಕ್ಟರ ಬರದ ಕೊಟ್ಟಾನ? ಎಲ್ಲಾ ಮನಿ ಮುಗಸೇ ನಾ ಸಾಯಾಕಿ. ನೀ ಒಲೀ ಕಡೆ ನೋಡ."

ಎಲ್ಲ ಮನೆ ಮುಗಿಸುವುದು, ಅದೊಂದೇ ಹಟ. ಸೊಸೆ ಒಳಗೆ ಹೋಗಿ ಪಾತ್ರೆ ಬಡಿದಳು. ಅವಳದೂ ತಪ್ಪಿಲ್ಲ. ಸೂಜಿ ಗುಳಿಗೆ ನೋಡುವವಳು ಅವಳೇ.

ಯಾವ ಮನೆಗೆ ಹೋದರೂ ಬಳೆಗಾರ್ತಿಯ ಮೊದಲ ಪ್ರಶ್ನೆ ಒಂದೇ: "ಕೈಯಾಗ ಏನೈತಿ?" ನಾನೂ ಮುಖ ಬಿಟ್ಟು ಕೈ ನೋಡುವುದನ್ನು ಕಲಿತೆ. ಹಿಟ್ಟು ನಾದುವ ಒಬ್ಬಳ ಮಣಿಕಟ್ಟಿನಲ್ಲಿ ಬಳೆ ಇರಲಿಲ್ಲ, ಇದ್ದ ಜಾಗ ಬೆಳ್ಳಗೆ ಇತ್ತು. ಹೇಳಿದೆ. "ಈಗೀಗ ತಗದಾಳ" ಎಂದಳು. ಆಮೇಲೆ ತನ್ನ ಮಣಿಕಟ್ಟನ್ನೇ ತಿಕ್ಕುತ್ತ ಕುಳಿತಳು.

ಇನ್ನೊಂದು ದಿನ ಡೇರೆಯ ಮುಂದೆ ಒಬ್ಬಳು ಉಸುಕು ಗುಡಿಸುತ್ತಿದ್ದಳು. ಸುತ್ತ ಎಲ್ಲ ಉಸುಕೇ.

"ಉಸುಕಿನ ಮ್ಯಾಲಿನ ಉಸುಕ ಗುಡಸಾಕತ್ತಾಳ ನೋಡ, ತೆಲಿ ಕೆಟ್ಟೈತಿ" ಎಂದೆ.

"ನಿನ್ನ ಅಂಗಳ ಏನ ಬಂಗಾರದ್ದ? ಮಣ್ಣಿನ ಮ್ಯಾಲಿನ ಮಣ್ಣ ನೀ ದಿನಾ ಗುಡಸಂಗಿಲ್ಲೇನ?"

ಈಗಲೂ ಕಸಬರಿಗೆ ಹಿಡಿದಾಗ ಆ ಮಾತು ನೆನಪಾಗುತ್ತದೆ. ಗುಡಿಸುವುದನ್ನೇನೂ ಬಿಟ್ಟಿಲ್ಲ.

ನೀರಿನವನ ಚಿಂತೆ ನನ್ನನ್ನು ಬಿಡಲೇ ಇಲ್ಲ. ಅವನು ಮೇಲೆ ಮುಟ್ಟಿದನೋ ಇಲ್ಲವೋ, ಈಗ ಇದ್ದಾನೋ ಎಂದು ಕೇಳಿದೆ. "ಮನಿ ಬಿಟ್ಟ ಹೊರಗ ಬಂದ ಮ್ಯಾಲ ಕೇಳಾಕ ಬರಂಗಿಲ್ಲ" ಎಂದಳು. "ಮುಂದಿನ ವರ್ಷ ಹೋಗಿ ಕೈ ಹಿಡದಾಗ ಗೊತ್ತಾಗೂದು." ಎಷ್ಟೋ ಊರಲ್ಲಿ, ಹೋದ ವರ್ಷ ಹಿಡಿದ ಕೈ ಈ ವರ್ಷ ಇರುತ್ತಿರಲಿಲ್ಲವಂತೆ. ಅದನ್ನು ಅವಳು ಹೇಳಿದ್ದು ಅದೊಂದೇ ಸಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಅವಳ ಕಾಲು ಬಾತವು. ಉಸಿರು ಮೇಲೆ ಮೇಲೆ ಬರುತ್ತಿತ್ತು. ಇನ್ನೂ ಐದಾರು ಮನೆ ಉಳಿದಿದ್ದವು. ನನಗೆ ಕಾಣುತ್ತಿತ್ತು, ಅವಳಿಗೂ ಗೊತ್ತಿತ್ತು.

"ಆಪಾ, ದಿನಕ್ಕ ಎರಡ ಹಚ್ಚೂಣು. ಇಲ್ಲಾಂದರ ನೀ ಮುಗಸೂದಿಲ್ಲ" ಎಂದೆ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಮುಗಿಸುವ ಆಸೆ ಅವಳಿಗೆ ಎಷ್ಟಿತ್ತೆಂದು ನನಗೆ ಗೊತ್ತು. ಕೊಕ್ಕೆ ಬೆರಳಿನಿಂದ ಹೊರಸಿನ ಹುರಿ ಮೀಟುತ್ತಿದ್ದಳು.

"ಬ್ಯಾಡ. ಮಾತಾಡಸಾಕ ಹೋದಾಕಿ ಚಪ್ಪಲಿ ಬಿಡದ ಓಡಿ ಬಂದರ ಆ ಮನಿಯವರು ಏನ ತಿಳಕೊಂಡಾರು? ಉಳದರ ಉಳೀಲಿ."

ಎರಡು ದಿನ ಬಿಟ್ಟು, ಸೊಸೆ ಸಂತೆಗೆ ಹೋಗಿದ್ದಾಗ, ಒಂದು ಮನೆ ಹಚ್ಚಿದೆ. ಒಬ್ಬ ಮುದುಕ ರಟ್ಟು ಹರಿದು ಉರಿ ಹಾಕಿ ತಗಡಿನ ಕೆಟಲಿ ಇಟ್ಟಿದ್ದ. ಎದುರಿಗೆ ಕಪ್ಪು ಜೋಡಿಸಿ ಯಾರನ್ನೋ ಕರೆಯುತ್ತಿದ್ದ. ಹೇಳುತ್ತ ಹೋದೆ. ಬಳೆಗಾರ್ತಿ ಕಣ್ಣು ಮುಚ್ಚಿ ಒಂದು ಮಾತು ಕೇಳಿದಳು. ಉತ್ತರ ಹೇಳಲು ತಿರುಗಿ ನೋಡಿದರೆ ಕೇಳಿಸಿಕೊಳ್ಳುವವಳು ಇರಲಿಲ್ಲ. ಬಾಯಿ ತುಸು ತೆರೆದಿತ್ತು. ಮುಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ಜನರನ್ನು ಕರೆದೆ. ಸಂಜೆಗೆ ಮಣ್ಣಾಯಿತು.

ಮರುದಿನ ಬೆಳಿಗ್ಗೆ ಮೊಮ್ಮಗಳು ಫೋನ್ ಹಿಡಿದು ಬಂದು, "ಆಯಿ, ಉಳದದ್ದ ನೀ ಒಬ್ಬಾಕೀನ ನೋಡತೀಯೇನ?" ಎಂದಳು. "ಇವತ್ತ ಬ್ಯಾಡ, ಅವರ ಮನಿಗೆ ಹೋಗೂದೈತಿ" ಎಂದೆ. ಅವರಲ್ಲಿ ಒಲೆ ಹಚ್ಚುವಂತಿರಲಿಲ್ಲ. ರೊಟ್ಟಿ ಬಡಿದು, ಝುಣಕ ಮಾಡಿ, ಬಟ್ಟೆಯಲ್ಲಿ ಕಟ್ಟಿಕೊಂಡು ಹೋದೆ. ಸೊಸೆ ಗೋಡೆಗೆ ಒರಗಿ ಕುಳಿತಿದ್ದಳು.

"ನಾ ಇರಲಿಲ್ಲ ಕಾಕಿ. ಕೊನೀಗೆ ಏನರ ಅಂದರೇನ? ನನ್ನ ಹೆಸರು ತಗದರೇನ?"

ಸುತ್ತ ಕುಳಿತ ಹೆಂಗಸರೆಲ್ಲ ನನ್ನ ಕಡೆ ನೋಡಿದರು.

"ಇಲ್ಲವಾ. ಚಾ ಕುದೀತೇನ ಅಂತ ಕೇಳಿದಳು, ಅಷ್ಟ" ಎಂದೆ. ಆ ಮುದುಕನನ್ನು, ರಟ್ಟಿನ ಉರಿಯನ್ನು, ಕೆಟಲಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಸೊಸೆ ಮೂಗು ಒರೆಸಿಕೊಂಡಳು. "ಕುದೀತೇನ?" ಎಂದಳು.

"ಇಲ್ಲ. ಅಷ್ಟರಾಗ ಆ ಮನಿ ಮುಗೀತು."

ಬಟ್ಟೆ ಬಿಚ್ಚಿ ರೊಟ್ಟಿ ಅವಳ ಮುಂದಿಟ್ಟೆ.