ಪ್ಲಾಸ್ಟಿಕ್ ಕುರ್ಚಿಯ ಯಜಮಾನರು

ಚಂದ್ರಾ ಲೇಔಟಿನಲ್ಲಿ ನಾನು ಬಾಡಿಗೆಗೆ ಹಿಡಿದದ್ದು ಮನೆಯಲ್ಲ, ಒಂದು ಕಾರ್ ಶೆಡ್ಡು. ಆ ಮನೆಯವರ ಹತ್ತಿರ ಕಾರು ಇರಲಿಲ್ಲ. ಇದ್ದ ಒಂದು ಹಳೇ ಸ್ಕೂಟರ್ ಗೇಟಿನ ಪಕ್ಕದಲ್ಲೇ ನಿಲ್ಲುತ್ತಿತ್ತು. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ನಾನು ಕೆಲಸ ಬಿಟ್ಟು, ಮಣ್ಣಿನಲ್ಲಿ ಶಿಲ್ಪ ಮಾಡುತ್ತೇನೆಂದು ಹೊರಟಿದ್ದೆ. "ಮಣ್ಣು ತಾನೆ, ತೊಳೆದ್ರೆ ಹೋಗತ್ತೆ" ಎಂದು ಮನೆಯೊಡತಿ ಆಂಟಿ ಬೀಗದ ಕೈ ಕೊಟ್ಟರು.

ಅವರು ಬಹುಶಃ ಹೂಕುಂಡ, ಹಣತೆ, ಗಣಪತಿ ಅಂದುಕೊಂಡಿದ್ದರು. ನಾನು ಮಾಡುತ್ತಿದ್ದದ್ದು ದಪ್ಪ ತುಟಿಯ ಪ್ರೆಷರ್ ಕುಕ್ಕರ್, ನಾಲಿಗೆ ಚಾಚಿದ ಮಿಕ್ಸಿ, ಉಗುರು ಬೆಳೆದ ಹವಾಯಿ ಚಪ್ಪಲಿ. ಬಳಿಯುತ್ತಿದ್ದ ಬಣ್ಣವೂ ಅಷ್ಟೇ, ಕಣ್ಣಿಗೆ ರಾಚುವ ಗುಲಾಬಿ, ನೀಲಿ, ಕೋಳಿಮೊಟ್ಟೆಯ ಹಳದಿ. ಮೊದಲ ವಾರ ಆಂಟಿ ಶೆಡ್ಡಿನ ಬಾಗಿಲಲ್ಲಿ ನಿಂತು ಆ ಕುಕ್ಕರನ್ನು ನೋಡಿ, ಒಳಗೆ ಹೋಗಿ ಗಂಡನನ್ನು ಕರೆದುಕೊಂಡು ಬಂದರು.

ಅಂಕಲ್ ಅವತ್ತಿನಿಂದ ದಿನಾ ಸಂಜೆ ಬರತೊಡಗಿದರು. ಅವರದು ಅಲ್ಲೇ ಹತ್ತಿರದ ಹಳೇ ಊರಿನ ಒಕ್ಕಲು ಮನೆತನ. ಹೊಲಗಳೆಲ್ಲ ಸೈಟುಗಳಾಗಿ ಎಷ್ಟೋ ಕಾಲವಾಗಿತ್ತು. ಚೌಕಳಿ ಲುಂಗಿ, ಬರಿ ಮೈ, ಎದೆಗೆ ಧಾರಾಳವಾಗಿ ಪೌಡರು. ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು, ಹೊಟ್ಟೆಯನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು, "ಏನಮ್ಮಾ, ಇವತ್ತು ಯಾವುದಕ್ಕೆ ಹಲ್ಲು ಕಟ್ತಿದ್ದೀಯಾ?" ಎನ್ನುತ್ತಿದ್ದರು.

ಒಂದು ದಿನ ಕೇಳಿದರು. "ಇದಕ್ಕೆಲ್ಲ ಏನೋ ಹೆಸರು ಇರ್ಬೇಕಲ್ಲ?"

"ಫಂಕ್ ಅಂತಾರೆ ಅಂಕಲ್."

"ಹಂಗಂದ್ರೆ?"

"ಬೆವರಿನ ವಾಸನೆ ಅಂತ. ಅಮೆರಿಕದ ಸಂಗೀತಗಾರರ ಮಾತು ಅದು."

ಅವರು ತೋಳೆತ್ತಿ ಕಂಕುಳು ಮೂಸಿ ನೋಡಿಕೊಂಡು, "ಹಂಗಾದ್ರೆ ನಾನೂ ಕಲಾವಿದನೇ" ಎಂದರು.

ಕಳೆದ ಶತಮಾನದ ಅರವತ್ತರ ದಶಕದ ಕ್ಯಾಲಿಫೋರ್ನಿಯಾದ ಕತೆಯನ್ನು ಅವರಿಗೆ ಹೇಳಿದೆ. ಯುದ್ಧ, ಶಿಸ್ತು, ಒಪ್ಪ ಓರಣದ ಮನೆ ಎಲ್ಲದಕ್ಕೂ ಅಲ್ಲಿನ ಯುವಕ ಯುವತಿಯರು ಬೆನ್ನು ತಿರುಗಿಸಿದ್ದ ಕಾಲ. ಕಲೆಯೆಂದರೆ ಬಾಯಿಗೆ ಬೀಗ ಹಾಕಿಕೊಂಡು ನೋಡಬೇಕಾದದ್ದು ಎನ್ನುವುದಕ್ಕೆ ರೋಸಿಹೋದ ಕೆಲವರು ಮಣ್ಣಿನಲ್ಲಿ ಕಮೋಡು, ಬೂಟು, ತಿಂದು ಬಿಟ್ಟ ತಿಂಡಿ ಎಲ್ಲವನ್ನೂ ಮಾಡಿಟ್ಟು ನಕ್ಕರು. ತಮ್ಮ ಮುಖವನ್ನೇ ವಿಕಾರ ಮಾಡಿ ನಕ್ಕವರೂ ಇದ್ದರು. ಕಾಲೇಜಿನಲ್ಲಿ ಅದರ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನಗೆ ಯಾರೋ ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗಾಗಿತ್ತು. ಅಂಕಲ್ ಪೂರ್ತಿ ಕೇಳಿಸಿಕೊಂಡು, "ನಗೋಕೆ ಅಷ್ಟು ದೂರ ಯಾಕಮ್ಮ ಹೋಗ್ಬೇಕು" ಎಂದರು.

ಹೋದ ವರ್ಷದ ಹಿಂದಿನ ವರ್ಷ, ಯುಗಾದಿಯ ಆಸುಪಾಸಿನಲ್ಲಿ ಅವರು ಹೋಗಿಬಿಟ್ಟರು. ಬೆಳಗ್ಗೆ ಹಾಲು ತಂದಿಟ್ಟು, ಎದೆ ಹಿಡಿದುಕೊಂಡಿದೆ ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಕೆಂಪು ಕುರ್ಚಿಯನ್ನು ಯಾರೋ ತಾರಸಿಗೆ ಸಾಗಿಸಿದರು.

ಹಾಲ್‌ಗೆ ಅಂಕಲ್ ಫೋಟೋ ಬಂತು. ಅವರ ತಮ್ಮ ಮಾಡಿಸಿಕೊಟ್ಟದ್ದು. ಸ್ಟುಡಿಯೋದವರು ಮುಖ ಬೆಳ್ಳಗೆ ಮಾಡಿ, ಕೆನ್ನೆಯ ಮಚ್ಚೆ ತೆಗೆದು, ಕತ್ತಿನ ಕೆಳಗೆ ಕಪ್ಪು ಕೋಟು, ಟೈ ಕೂರಿಸಿದ್ದರು. ಗಂಧದ ಹಾರ, ಮೇಲೊಂದು ಕೆಂಪು ಬಲ್ಬು. ಆಂಟಿ ದಿನಾ ದೀಪ ಹಚ್ಚುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರು ಶೆಡ್ಡಿಗೆ ಬಂದು, ಮಣ್ಣಿನ ಮೂಟೆಯ ಮೇಲೇ ಕೂತರು.

"ನಮ್ಮೆಜಮಾನ್ರನ್ನ ಮಾಡ್ಕೊಡ್ತೀಯೇನಮ್ಮಾ?"

"ಮೂರ್ತಿ ಮಾಡೋದು ನನಗೆ ಅಷ್ಟು ಬರಲ್ಲ ಆಂಟಿ. ಬೇರೆ ಯಾರಿಗಾದ್ರೂ ಹೇಳ್ತೀನಿ."

"ಮೂರ್ತಿ ಯಾರು ಕೇಳಿದ್ರು? ಆ ಕುಕ್ಕರ್ ಮಾಡಿದ್ಯಲ್ಲ, ಹಂಗೆ ಮಾಡು. ಆ ಫೋಟೋದಲ್ಲಿರೋರು ಯಾರೋ ಬ್ಯಾಂಕ್ ಮ್ಯಾನೇಜರು. ಅವರ ಮುಂದೆ ನಿಂತು ಅಳೋಕೂ ನಾಚಿಕೆ ಆಗತ್ತೆ ನಂಗೆ."

ಒಪ್ಪಿಕೊಂಡೆ. ಆದರೆ ಕೈ ಓಡಲಿಲ್ಲ. ಮಿಕ್ಸಿಗೆ ನಾಲಿಗೆ ಇಟ್ಟರೆ ಮಿಕ್ಸಿಗೆ ನೋವಾಗುವುದಿಲ್ಲ. ತಮಾಷೆ ಮಾಡುವುದೇ ನನ್ನ ದಾರಿ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದವಳಿಗೆ, ಸತ್ತವರ ಹೊಟ್ಟೆಯನ್ನು ಎಷ್ಟು ದಪ್ಪ ಮಾಡಬಹುದು ಎನ್ನುವುದೇ ತಿಳಿಯಲಿಲ್ಲ. ಕೊನೆಗೆ ಭಯಕ್ಕೆ ಬಿದ್ದು ಒಂದು ಮರ್ಯಾದಸ್ಥ ತಲೆ ಮಾಡಿದೆ. ಆಂಟಿ ಬಂದು ಸುತ್ತ ತಿರುಗಿ ನೋಡಿದರು.

"ಇವರಿಗೂ ಕೋಟು ಹಾಕ್ಬಿಟ್ಟಿದ್ದೀಯಲ್ಲಮ್ಮಾ."

ತಲೆಯನ್ನು ಹಿಸುಕಿ ಮತ್ತೆ ಮಣ್ಣಿನ ಮುದ್ದೆ ಮಾಡಿದೆ. ಅವತ್ತಿನಿಂದ ಅವರು ಪಕ್ಕದಲ್ಲಿ ಕೂತು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಕಿವಿಯೊಳಗಿಂದ ಹೊರಗೆ ಬಂದ ಕೂದಲು. ಬೀದಿ ನಾಯಿ ಎದ್ದು ಓಡುವಂಥ ಸೀನು. ಹಾಸಿಗೆಯಲ್ಲಿ ಕಡ್ಲೆಪುರಿ ತಿಂದು ಬೆಳಗಿನವರೆಗೂ ಅದರ ಮೇಲೇ ಹೊರಳಾಡುವ ಚಾಳಿ. ಹೇಳುತ್ತಾ ಹೇಳುತ್ತಾ ಆಂಟಿ ನಗುತ್ತಿದ್ದರು, ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಂದುವರಿಸುತ್ತಿದ್ದರು. ಮನುಷ್ಯನೂ ಕುರ್ಚಿಯೂ ಒಂದೇ ಆಗುವ ಹಾಗೆ ಮಾಡಿದೆ: ಕುರ್ಚಿಯ ಕಾಲುಗಳೇ ಅವರ ಕಾಲು, ಕೈಯಾನಿಸುವ ಹಿಡಿಗಳೇ ತೋಳು, ನಡುವೆ ತುಂಬು ಬಿಂದಿಗೆಯಂಥ ಹೊಟ್ಟೆ.

"ಹೊಕ್ಕಳು ಇಷ್ಟು ಮೇಲಿರಲಿಲ್ಲ" ಎಂದರು ಆಂಟಿ.

"ಎಲ್ಲಿತ್ತು ಆಂಟಿ?"

ಅವರು ಹೆಬ್ಬೆರಳನ್ನು ನೀರಿಗದ್ದಿ, ಹಸಿ ಮಣ್ಣಿನ ಹೊಟ್ಟೆಯಲ್ಲಿ ನಿಧಾನವಾಗಿ ಒತ್ತಿದರು. ಬೆರಳು ಗಿಣ್ಣಿನವರೆಗೂ ಇಳಿಯಿತು. ತೆಗೆಯುವುದಕ್ಕೆ ಹೊತ್ತು ಹಿಡಿಯಿತು. ನಾನು ಬಣ್ಣದ ಡಬ್ಬಿಗಳನ್ನು ಜೋಡಿಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಮಣ್ಣು ಸುಡುವ ಭಟ್ಟಿ ಇದ್ದದ್ದು ಕೆಂಗೇರಿಯಲ್ಲಿ, ನನ್ನ ಗೆಳತಿಯ ಮನೆಯಲ್ಲಿ. ಒಣಗಿದ, ಇನ್ನೂ ಸುಡದ ಶಿಲ್ಪವನ್ನು ಹಳೇ ಬೆಡ್‌ಶೀಟುಗಳಲ್ಲಿ ಸುತ್ತಿ ಆಟೋ ಹತ್ತಿದೆವು. ಆಂಟಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿಕೊಂಡರು. ನಾಯಂಡಹಳ್ಳಿಯ ಹತ್ತಿರ ಆಟೋದವರು ಕನ್ನಡಿಯಲ್ಲಿ ನೋಡಿ, "ಏನ್ ಆಂಟಿ ಅದು, ದೇವ್ರಾ?" ಎಂದರು.

"ಅಲ್ಲಪ್ಪ. ನಮ್ಮೆಜಮಾನ್ರು."

ಆಟೋದವರು ಮುಂದಿನ ಹಂಪುಗಳನ್ನೆಲ್ಲ ನಡೆದು ದಾಟುವಷ್ಟು ನಿಧಾನವಾಗಿ ದಾಟಿಸಿದರು.

ಭಟ್ಟಿಯ ಬಿಸಿಗೆ ಕತ್ತು ಒಂದು ಪಕ್ಕಕ್ಕೆ ವಾಲಿತು. ನನಗೆ ಅಳು ಬಂತು. ಆಂಟಿ ಮಾತ್ರ, "ಟಿವಿ ನೋಡ್ತಾ ನಿದ್ದೆ ಹೋದಂಗಿದೆ, ಸರಿಯಾಗೇ ಇದೆ ಬಿಡು" ಎಂದರು. ಕುರ್ಚಿಗೆ ಕೆಂಪು, ಲುಂಗಿಗೆ ನೀಲಿ ಹಸಿರು ಚೌಕಳಿ, ಎದೆಗೆ ಪೌಡರಿನ ಬಿಳಿ ಹಚ್ಚಿ, ಬಣ್ಣ ಕೂರಲೆಂದು ಇನ್ನೊಮ್ಮೆ ಸುಟ್ಟೆವು.

ವರ್ಷದ ತಿಥಿಯ ದಿನ ಆಂಟಿ ಅದನ್ನು ಹಾಲ್‌ನಲ್ಲಿ, ಫೋಟೋದ ಕೆಳಗೆ, ಎಡೆಯ ಪಕ್ಕದಲ್ಲಿ ಕೂರಿಸಿದರು. ಮೊದಲು ಬಂದ ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಒಬ್ಬರು ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಅಂಕಲ್ ಅವರ ತಮ್ಮ ಬಂದರು. ಕೈಯಲ್ಲಿದ್ದ ಹೂವಿನ ಪೊಟ್ಟಣ ಹಾಗೇ ಉಳಿಯಿತು.

"ಅತ್ತಿಗೆ, ಏನಿದು ಆಟ? ಅಣ್ಣನ್ನ ಕೋಡಂಗಿ ಮಾಡಿ ಕೂರ್ಸಿದೀರಲ್ಲ? ಜನ ನಗಲ್ವಾ?"

"ನಗ್ಲಿ ಬಿಡಪ್ಪ. ಇದ್ದಾಗ್ಲೂ ನಗಿಸ್ತಾನೇ ಇದ್ರು."

"ನಿಮಗೆ ಹಂಗೆ ಕಂಡಿರಬಹುದು." ಅವರು ಫೋಟೋದ ಕಡೆ ನೋಡಿದರು. "ಅಪ್ಪ ಹೋದಾಗ ನಾನಿನ್ನೂ ಪ್ರೈಮರಿ ಸ್ಕೂಲು. ಹೆಗಲ ಮೇಲೆ ಕೂರ್ಸಿಕೊಂಡು ಸಾಕಿದ್ದು ಅಣ್ಣ. ನಂಗೆ ಅವನು ಒಂದು ದಿನಾನೂ ಹಿಂಗೆ ಕಾಣ್ಸಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಓದಿದೋರು ನೀವು. ನಿಮಗಾದ್ರೂ ಗೊತ್ತಾಗ್ಬೇಡ್ವಾ ಮೇಡಂ?" ಎಂದರು.

ಉತ್ತರಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಗಾಂಭೀರ್ಯದ ವಿರುದ್ಧ ದಂಗೆ, ದೇಹದ ಸತ್ಯ, ಹಾಗೆಲ್ಲ ತರಗತಿಯಲ್ಲಿ ಹೇಳಿದ್ದೆ, ಬರೆದಿದ್ದೆ. ಆ ಮಾತುಗಳು ಹುಟ್ಟಿದ್ದು ಒದ್ದೆ ಕಣ್ಣಿನ ಈ ಮನುಷ್ಯನ ವಿರುದ್ಧ ಅಲ್ಲ. ದಂಗೆ ಏಳುವವರಿಗೆ ಎದುರಿಗೊಬ್ಬ ದೊಡ್ಡ ಮನುಷ್ಯ ಬೇಕು, ಒಂದು ಗ್ಯಾಲರಿ, ಒಂದು ಸರ್ಕಾರ. ಇಲ್ಲಿ ಎದುರಿಗಿದ್ದದ್ದು ಅಣ್ಣನನ್ನು ಕಳೆದುಕೊಂಡ ತಮ್ಮ. ಅವರ ಪಾಲಿನ ಅಣ್ಣನಿಗೆ ಆ ಕಪ್ಪು ಕೋಟು ಸುಳ್ಳಾಗಿರಲಿಲ್ಲ. ಅಣ್ಣ ಹಾಕಿಕೊಳ್ಳದೇ ಉಳಿದದ್ದನ್ನು ತಮ್ಮ ತೊಡಿಸಿದ್ದರು.

"ತೆಗೀತೀನಿ ಆಂಟಿ" ಎಂದು ಬಗ್ಗಿದೆ. ಆಂಟಿ ನನ್ನ ಕೈ ಸರಿಸಿದರು. ತಾವೇ ಅದನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಕಿಟಕಿಯ ಕಟ್ಟೆಯ ಮೇಲಿನ ಉಪ್ಪಿನಕಾಯಿ ಜಾಡಿ ಸರಿಸಿ, ಅಲ್ಲಿ ಇಟ್ಟು ಬಂದರು. ಮೈದುನನಿಗೆ, "ಹಾಲ್ ನಿಂದು, ಅಡುಗೆಮನೆ ನಂದು. ಬಾ, ಹೂವ ಹಾಕು" ಎಂದರು. ಪೂಜೆ ನಡೆಯಿತು. ಊಟಕ್ಕೆ ಬಂದವರಲ್ಲಿ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನೀರಿನ ನೆಪ ಹೇಳಿ ಅಡುಗೆಮನೆಗೆ ಹೋಗಿ ಬಂದರು. ಒಳಗಿಂದ ನಗು, ನಡುವೆ ಬಿಕ್ಕು, ಮತ್ತೆ ಅಂಕಲ್ ಬಗ್ಗೆ ಯಾವುದೋ ಕತೆ ಕೇಳಿಸುತ್ತಿತ್ತು. ತಮ್ಮ ಮಾತ್ರ ಆ ಕಡೆ ಹೋಗಲಿಲ್ಲ. ಈಗಲೂ ಬಂದಾಗ ಹಾಲ್‌ನಲ್ಲೇ ಕೂತು ಕಾಫಿ ಕುಡಿದು ಹೋಗುತ್ತಾರೆ. ನನ್ನನ್ನು ಕಂಡರೆ ತಲೆಯಾಡಿಸುತ್ತಾರೆ, ಮಾತಾಡುವುದಿಲ್ಲ. ಅದನ್ನು ತಪ್ಪೆನ್ನಲು ನನ್ನಿಂದ ಆಗುವುದಿಲ್ಲ.

ಕುಕ್ಕರು, ಮಿಕ್ಸಿಗಳನ್ನು ನಾನು ಬಿಟ್ಟಿಲ್ಲ, ಆದರೆ ಒಂದಕ್ಕೆ ಹಲ್ಲು ಕೂರಿಸುವ ಮುಂಚೆ ಈಗ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಕಳೆದ ತಿಂಗಳಿಂದ ಆಂಟಿ ತಮ್ಮದೂ ಒಂದು ಬೇಕೆಂದು ಹಟ ಹಿಡಿದಿದ್ದಾರೆ, ಬದುಕಿರುವಾಗಲೇ. ಕೈಯಲ್ಲಿ ರಿಮೋಟ್ ಇರಬೇಕಂತೆ, ಗಲ್ಲ ಎರಡಲ್ಲ, ಮೂರು ಇರಬೇಕಂತೆ. ಭಾನುವಾರ ತಿಂಡಿಯಾದ ಮೇಲೆ ಬಂದು ಎದುರಿಗೆ ಕೂರುತ್ತಾರೆ. ನಾನು ಮುಖದ ಆಕಾರ ಹಿಡಿಯುವಷ್ಟರಲ್ಲಿ ನಕ್ಕುಬಿಡುತ್ತಾರೆ, ಮಣ್ಣನ್ನು ಮತ್ತೆ ಮೊದಲಿಂದ ತಿದ್ದಬೇಕಾಗುತ್ತದೆ.