ಗಂಟೆಗೆ ಮೊದಲೇ ಮುಗಿದ ಹಾಡು

ಕನ್ನಡ ಕೂಟದ ಹೊಸ ಕಾರ್ಯದರ್ಶಿ ಮೊನ್ನೆ ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ನಮ್ಮ ಮನೆಗೆ ಬಂದು, ಕೂಟದ ಗಂಟೆ ಬೇಕೆಂದರು. ಗರಾಜಿನಲ್ಲಿದ್ದ ಡಬ್ಬ ತೆರೆದೆ. ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಹಿತ್ತಾಳೆಯ ಗಂಟೆ, ಅದರ ಬಾಯಿಗೆ ತುರುಕಿದ ಕರವಸ್ತ್ರ. ತುರುಕಿದ್ದು ಆಂಟಿ...

ಅದನ್ನು ತುರುಕಿದ ವರ್ಷ ನಾನು ಕೂಟದ ಸಾಂಸ್ಕೃತಿಕ ಕಾರ್ಯದರ್ಶಿ. ಹುದ್ದೆಯ ಸಕಲ ಅಧಿಕಾರವೂ ಈ ಗಂಟೆಯಲ್ಲಿತ್ತು. ಯುಗಾದಿಯ ವೇದಿಕೆಯಲ್ಲಿ ಯಾರದಾದರೂ ಭಾವಗೀತೆ ಸಮಯ ಮೀರಿದರೆ ಬಾರಿಸುವುದು ನನ್ನ ರಾಜಧರ್ಮ. ನಮ್ಮ ಬೀದಿಯ ಆಂಟಿ ಧಾರವಾಡದವರು, ಅರವತ್ತು ದಾಟಿದವರು. ಅವರು ತುಂಬಿಕೊಟ್ಟ ಅರ್ಜಿ ಹೀಗಿತ್ತು. ರಾಗ: ಇಲ್ಲ. ತಾಳ: ಜೋರು. ವಾದ್ಯ: ಎಲೆಕ್ಟ್ರಿಕ್ ಗಿಟಾರ್. ಸಮಯ: ಎರಡು ನಿಮಿಷ.

ವಿಚಾರಣೆಗೆ ಹೋದೆ. ಆಂಟಿ ಚಹಾ ಕೊಟ್ಟು ತಪ್ಪೊಪ್ಪಿಕೊಂಡರು. ಎಪ್ಪತ್ತರ ದಶಕದ ಕೊನೆಗೆ ಆಸ್ಟಿನ್‌ಗೆ ಓದಲು ಬಂದಾಗ ಅವರೊಂದು ಪಂಕ್ ರಾಕ್ ತಂಡದಲ್ಲಿದ್ದರಂತೆ, ಸಿಟ್ಟನ್ನೇ ಗದ್ದಲವಾಗಿ ಬಾರಿಸುವ ಸಂಗೀತ. ಹರಿದ ಅಂಗಿ, ಅದಕ್ಕೆ ಸೇಫ್ಟಿ ಪಿನ್ನು. ಪಿನ್ನು ಮಾತ್ರ ಧಾರವಾಡದ್ದು, ಸೀರೆಗೆಂದು ಅವರ ಅವ್ವ ಕಟ್ಟಿಕೊಟ್ಟದ್ದು.

"ಗಿಟಾರಿನ ಮ್ಯಾಲೆ ಮೂರು ಕಾರ್ಡ್ ಹಿಡೀಲಿಕ್ಕೆ ಬಂದ್ರ ಸಾಕಾಗಿತ್ರಿ. ಸಿಟ್ಟು ನಮ್ಮ ಹತ್ರ ಬೇಕಾದಷ್ಟಿತ್ತು. ಆಮ್ಯಾಲೆ ಹರದ ಅಂಗಿ ಮಾಲ್‌ನ್ಯಾಗ ಮಾರ್ಲಿಕ್ಕೆ ಬಂತು. ಹುಡುಗರು ಛಲೋ ಬಾರಸೋದು ಕಲತ್ರು. ಅಲ್ಲಿಗೆ ಪಂಕ್ ಮುಗೀತು!"

ಅವರ ತಂಡ ಒಂದೂವರೆ ವರ್ಷ ಬಾಳಿತು. ಡ್ರಮ್ಮರ್ ಡಲ್ಲಾಸ್‌ನಲ್ಲಿ ಇನ್ಶೂರೆನ್ಸ್ ಮಾರತೊಡಗಿದ. ಆಂಟಿ ಹ್ಯೂಸ್ಟನ್‌ನಲ್ಲಿ ಎಂಜಿನಿಯರಾದರು, ನಮ್ಮವರಲ್ಲಿ ಯಾರ ಮುಂದೆಯೂ ಗಿಟಾರಿನ ವಿಷಯ ಬಾಯಿ ಬಿಡಲಿಲ್ಲ. ಈಗ ಸಂಧಿವಾತ ಬೆರಳಿಗೆ ಇಳಿದಿತ್ತು.

"ಮುಂದಿನ ವರ್ಷ ಇವು ಏಳೂದಿಲ್ರಿ," ಎಂದು ಬೆರಳು ತೋರಿಸಿದರು. "ನಮ್ಮ ಮಂದಿ ಮುಂದ ಒಮ್ಮೆರೆ ಬಾರಸ್ಬೇಕು. ಅವ್ರು ಕೇಳ್ಬೇಕು."

ಯುಗಾದಿಯ ದಿನ ಡ್ರಮ್ಮರ್ ಡಲ್ಲಾಸ್‌ನಿಂದ ನಾಲ್ಕು ತಾಸು ಡ್ರೈವ್ ಮಾಡಿಕೊಂಡು ಬಂದ, ಬೇವುಬೆಲ್ಲ ತಿಂದು ಮುಖ ಹಿಂಡಿದ. ಆಂಟಿ ಬೆರಳಿಗೆ ಮುಲಾಮು ತಿಕ್ಕಿ, ಕರವಸ್ತ್ರದಲ್ಲಿ ಒರೆಸಿ, ರೇಷ್ಮೆ ಸೀರೆಯ ಮೇಲೆ ಗಿಟಾರ್ ಏರಿಸಿದರು. ಶುರುವಾಯಿತು... ಮುಗಿಯಿತು. ಒಂದು ನಿಮಿಷ ನಲವತ್ತು ಸೆಕೆಂಡು. ಮುಂದಿನ ಸಾಲಿನ ಅಂಕಲ್ ಒಬ್ಬರು ನನ್ನತ್ತ ತಿರುಗಿದರು: "ಮೈಕ್ ಟೆಸ್ಟಿಂಗ್ ಆಯ್ತಲ್ಲ, ಇನ್ನು ಪ್ರೋಗ್ರಾಂ ಶುರು ಮಾಡ್ಸಿ ಸ್ವಾಮಿ."

ಆಂಟಿಗೂ ಕೇಳಿಸಿತು. "ಹೌದ್ರಿ, ಈಗ ಶುರು," ಎಂದು ಮತ್ತೆ ಗಿಟಾರ್ ಹಿಡಿದರು. ಅಷ್ಟರಲ್ಲಿ ಎರಡು ನಿಮಿಷ ಆಗಿಹೋಗಿತ್ತು. ನಿಯಮ ನಿಯಮವೇ, ನಾನು ಗಂಟೆ ಎತ್ತಿದೆ. ಅವರು ವೇದಿಕೆಯ ಅಂಚಿಗೆ ಬಂದು ಗಂಟೆ ಕಸಿದರು, ಅದರ ಬಾಯಿಗೆ ಕರವಸ್ತ್ರ ತುರುಕಿದರು, ನನ್ನ ಕೈಗೇ ಮರಳಿಸಿದರು.

"ಹಿಡ್ಕೊಂಡ್ ನಿಲ್ರಿ, ಸೆಕ್ರೆಟರಿ ಸಾಹೇಬ್ರ."

ಹಿಡಿದು ನಿಂತೆ. ಎರಡನೇ ಸಲ ಇನ್ನೂ ಜೋರಾಗಿ ಬಾರಿಸಿದರು. ನಡುವೆ ಒಂದು ಬೆರಳು ಸೋತಿತು, ಉಳಿದವುಗಳಲ್ಲೇ ಮುಗಿಸಿದರು. ಹತ್ತು ಮಂದಿ ಎದ್ದು ನಿಂತರು, ಆರು ಮಂದಿ ಬಿಸಿಬೇಳೆಬಾತಿನ ಸಾಲಿಗೆ. ಮಿಕ್ಕ ನಾಲ್ವರು ಚಪ್ಪಾಳೆ ತಟ್ಟಿದರು.

"ಆಸ್ಟಿನ್‌ನ್ಯಾಗ ಇಷ್ಟು ಚಪ್ಪಾಳಿನೂ ಇರ್ತಿರಲಿಲ್ರಿ," ಎಂದರು ಆಂಟಿ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ.

ಮರುವರ್ಷ ಬೆರಳುಗಳು ನಿಜಕ್ಕೂ ಏಳಲಿಲ್ಲ. ಅದರಾಚೆಯ ಯುಗಾದಿಗೆ ಆಂಟಿಯೇ ಇರಲಿಲ್ಲ...

ಹೊಸ ಕಾರ್ಯದರ್ಶಿಗೆ ಬೇರೊಂದು ಗಂಟೆ ಕೊಂಡುಕೊಳ್ಳಿ ಎಂದೆ. ಇದನ್ನು ಕೊಡುವುದಿಲ್ಲ. ಕಾರ್ಯದರ್ಶಿ ಹೊರಟ ಮೇಲೆ ಗಂಟೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದೆ. ಸದ್ದು ಬರಲಿಲ್ಲ. ವಾಸನೆ ಬಂತು, ಕಳೆದ ಸಲ ಡಬ್ಬ ತೆರೆದಾಗಿನದಕ್ಕಿಂತ ತುಸು ಕಡಿಮೆ. ಡಬ್ಬದ ಮುಚ್ಚಳ ಬಿಗಿಯಾಗಿ ಒತ್ತಿದೆ.