ಸಿದ್ದರಾಜು ಇಲ್ಲದ ಸಾಕ್ಷ್ಯಚಿತ್ರ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಜಯನಗರ ನಾಲ್ಕನೇ ಬ್ಲಾಕಿನ ಒಂದು ಪುಟ್ಟ ಸ್ಟುಡಿಯೋದಲ್ಲಿ ಹಿರಿಯ ಸಂಕಲನಕಾರಳಾಗಿದ್ದೆ. ಸಂಕಲನ ಅಂದರೆ ಬೇರೆಯವರು ಚಿತ್ರೀಕರಿಸಿ ತಂದದ್ದನ್ನು ಕತ್ತರಿಸಿ ಜೋಡಿಸುವ ಕೆಲಸ. ಆ ಬೇಸಿಗೆಯಲ್ಲಿ ನನ್ನ ಮೇಜಿಗೆ ಬಂದದ್ದು, ಸರ್ಕಾರಗಳೇ ಹಿಂದೆ ನಿಂತು ನಡೆಸುವ ಸೈಬರ್ ಯುದ್ಧದ ಬಗ್ಗೆ ಒಂದು ಸಾಕ್ಷ್ಯಚಿತ್ರ. ನಿರ್ದೇಶಕ ಅನೂಪ್ ತಂದಿದ್ದ ಫುಟೇಜಿನಲ್ಲಿ ಮುಕ್ಕಾಲು ಪಾಲು ತಜ್ಞರ ಮಾತು, ಭೂಪಟದ ಮೇಲೆ ಓಡುವ ಕೆಂಪು ಗೆರೆ. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಆ ರಾಶಿಯಲ್ಲಿ ಮನುಷ್ಯರ ಹಾಗೆ ಮಾತಾಡಿದವರು ಒಬ್ಬರೇ, ಪದ್ಮನಾಭನಗರದ ಸಿದ್ದರಾಜು. ಇದು ಅವರ ನಿಜವಾದ ಹೆಸರಲ್ಲ. ನೀರೆತ್ತುವ ಸ್ಥಾವರವೊಂದರಲ್ಲಿ ಅವರು ಕಂಟ್ರೋಲ್ ರೂಮ್ ಆಪರೇಟರ್. ಪಂಪುಗಳನ್ನು ನಡೆಸುವ ಅಲ್ಲಿನ ಕಂಪ್ಯೂಟರಿಗೆ ಇಂಟರ್ನೆಟ್ ಸಂಪರ್ಕವೇ ಇರಲಿಲ್ಲ. ಹಾಗಾಗಿ ಅದಕ್ಕೆ ಯಾರೂ ಏನೂ ಮಾಡಲಾರರು ಅನ್ನುವುದು ಎಲ್ಲರ ನಂಬಿಕೆ.

ಆಯುಧಪೂಜೆಯ ದಿನ ಪಂಪುಗಳಿಗೆ ಬೂದುಗುಂಬಳ ಒಡೆದರು, ಕಂಪ್ಯೂಟರಿಗೂ ಕುಂಕುಮ ಇಟ್ಟು ಹೂವು ಹಾಕಿದರು. ಪ್ರತಿ ವರ್ಷದಂತೆ ಸಿದ್ದರಾಜು ತಮ್ಮ ಪೆನ್‌ಡ್ರೈವನ್ನು ಅದಕ್ಕೇ ಸಿಕ್ಕಿಸಿ ಭಕ್ತಿಗೀತೆ ಹಾಕಿದರು. ಆ ಪೆನ್‌ಡ್ರೈವಿನಲ್ಲಿ ಅವರಿಗೇ ತಿಳಿಯದಂತೆ ಇನ್ನೊಂದು ಪ್ರೋಗ್ರಾಂ ಕೂತಿತ್ತು. ಕೆಲವು ವಾರ ಸುಮ್ಮನಿದ್ದ ಅದು, ಒಂದು ಬೆಳಿಗ್ಗೆ ಪಂಪುಗಳನ್ನು ನಿಲ್ಲಿಸಿತು. ಪರದೆಯ ಮೇಲೆ ಮಾತ್ರ ಎಲ್ಲವೂ ಹಸಿರು ತೋರಿಸುತ್ತಿತ್ತು. ಇದು ಬೇರೊಂದು ದೇಶದ ಕೈಕೆಲಸ ಎಂದು ತನಿಖೆಗೆ ಬಂದ ತಜ್ಞರೇ ಹೇಳಿದರಂತೆ. ಶಿಕ್ಷೆಯಾದದ್ದು ಸಿದ್ದರಾಜುಗೆ. ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು.

ಮುಖ ಕತ್ತಲಲ್ಲಿ ಇಡುವುದಾದರೆ ಮಾತಾಡುತ್ತೇನೆ ಎಂದು ಅವರು ಒಪ್ಪಿದ್ದಕ್ಕೆ ಒಂದೇ ಕಾರಣ. ಕ್ಯಾಮೆರಾ ಮುಂದೆಯೇ ಅದನ್ನು ಹೇಳಿದ್ದರು: "ನಾನು ಹೇಳಿದ್ರೆ ನಮ್ಮನೆಯವ್ರು ನಂಬಲ್ಲ ಸಾರ್. ಇದರ ಹಿಂದೆ ಒಂದು ದೇಶಾನೇ ಇತ್ತು ಅಂತ ನೀವು ಟಿವೀಲಿ ಹೇಳಿ, ಸಾಕು."

ಹೇಳಿದ್ದೆವು ಕೂಡ. ಆದರೆ ಚಿತ್ರ ಪ್ರಸಾರ ಮಾಡಬೇಕಿದ್ದ ಚಾನೆಲ್ಲಿನ ವಕೀಲರು ನಾನು ಜೋಡಿಸಿದ ಮೊದಲ ಕಟ್ ನೋಡಿ, ಪುರಾವೆ ಎಲ್ಲಿ ಎಂದು ಕೇಳಿದರು. ಸೈಬರ್ ದಾಳಿಯಲ್ಲಿ ಇಂಥವರೇ ಮಾಡಿದ್ದು ಎಂದು ಸಾಬೀತು ಮಾಡುವುದು ಬಲು ಕಷ್ಟ. ತಜ್ಞರ ವರದಿಯಲ್ಲೂ 'ಬಹುಶಃ' ಅಂತಲೇ ಇತ್ತು. ಹೆಸರು ಬಿಡಿ, 'ಒಂದು ದೇಶ' ಅನ್ನುವುದೂ ಬೇಡ, 'ಅಪರಿಚಿತರು' ಅನ್ನಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಉರಿದುಕೊಂಡೇ ಕತ್ತರಿಸಿದೆ.

ಯಾರು ತಮ್ಮ ಸಂಕಟ ಹೇಳಿಕೊಂಡಿರುತ್ತಾರೋ, ಪ್ರಸಾರಕ್ಕೆ ಮೊದಲು ಅವರಿಗೆ ತೋರಿಸಬೇಕು ಅನ್ನುವುದು ನನ್ನ ಪದ್ಧತಿ. ಸಿದ್ದರಾಜು ಹೆಂಡತಿಯನ್ನೂ ಕರೆದುಕೊಂಡು ಬಂದರು. ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮದುವೆಮನೆಗೆ ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು. ಚಿತ್ರ ಮುಗಿಯಿತು. ಕೊಟ್ಟ ಕಾಫಿಯನ್ನು ಇಬ್ಬರೂ ಮುಟ್ಟಿರಲಿಲ್ಲ.

"ದೇಶದ ಮಾತೇ ಬರ್ಲಿಲ್ವಲ್ರೀ," ಎಂದರು ಆಕೆ, ಗಂಡನಿಗೆ.

ಸಿದ್ದರಾಜು ನನ್ನ ಕಡೆ ತಿರುಗಿದರು. "ಮೇಡಂ, ಇಡೀ ಪಿಕ್ಚರ್‌ನಲ್ಲಿ ತಪ್ಪು ಮಾಡ್ದೋನು ಅಂತ ಇರೋದು ನಾನೊಬ್ನೇನಾ?"

ಅದು ನಿಜವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗಿತ್ತು ನಮ್ಮ ಕೆಲಸ. ವಕೀಲರ ಮಾತನ್ನು ವಿವರಿಸಿದೆ. ಸಿದ್ದರಾಜು ತಲೆಯಾಡಿಸಿ, "ಹಾಗಾದ್ರೆ ನನ್ನ ತೆಗೆದ್ಬಿಡಿ," ಎಂದರು. ಅವರಿಲ್ಲದೆ ಚಿತ್ರದಲ್ಲಿ ಏನೂ ಉಳಿಯುವುದಿಲ್ಲ ಎಂದು ಅನೂಪ್ ಕೂಗಾಡಿದ. ಕೂಗಾಡಿಕೋ ಅಂದೆ. ಅವರೆದುರಿಗೇ ಅವರ ಭಾಗವನ್ನೆಲ್ಲ ತೆಗೆದುಹಾಕಿದೆ. ಒಬ್ಬ ಬಡಪಾಯಿಯನ್ನು ಉಳಿಸಿದೆನಲ್ಲ ಎಂಬ ಸಮಾಧಾನ ನನಗಿತ್ತು.

ಚಿತ್ರ ಪ್ರಸಾರವಾಯಿತು. ತಜ್ಞರು ಮಾತಾಡಿದರು, ಕೆಂಪು ಗೆರೆಗಳು ಓಡಿದವು. ಮಾರನೆಯ ದಿನ ಸಿದ್ದರಾಜು ಫೋನ್ ಮಾಡಿದರು.

"ನೋಡಿದ್ವಿ ಮೇಡಂ. ಥ್ಯಾಂಕ್ಸ್. ನಮ್ಮನೆಯವ್ರು ಕೇಳ್ತಿದಾರೆ, ತಪ್ಪಿಲ್ದಿದ್ರೆ ಯಾಕೆ ತೆಗೆಸಿದ್ರಿ ಅಂತ. ಏನ್ ಹೇಳ್ಲಿ?"

ಈ ಯುದ್ಧದಲ್ಲಿ ಹೊಡೆದವನು ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ. ಸಿಗುವವನು ಹೊಡೆತ ತಿಂದವನು. ಅವನನ್ನು ತೋರಿಸಿದರೂ ತಪ್ಪು ಅವನದೇ, ಮುಚ್ಚಿಟ್ಟರೂ ಅವನದೇ. ಮೂವತ್ತು ವರ್ಷದ ಕೆಲಸ ಕೊನೆಗೆ ನನಗೆ ಕಲಿಸಿದ್ದು ಇಷ್ಟು.